ಹೆಸರು ಒಂದೇ, ಪ್ರಕರಣ ಬೇರೆಯವನದು

ತಮ್ಮಾ, ನಿನ್ನ ಪತ್ರ ಓದಿದೆ. ನ್ಯೂಜೆರ್ಸಿಯ ಕಂಪನಿಯವರು ಕೆಲಸ ಕೊಡಲು ಒಪ್ಪಿ, ಬ್ಯಾಕ್‌ಗ್ರೌಂಡ್ ಚೆಕ್‌ಗೆ ಅಂದರೆ ಹಿನ್ನೆಲೆ ವಿಚಾರಣೆಗೆ ಸಹಿ ಕೇಳಿದ್ದಾರೆ. 2016ರ ಕಾವೇರಿ ಗಲಾಟೆಯಲ್ಲಿ ಸಂಜಯ ವೃತ್ತದಲ್ಲಿ ರಸ್ತೆ ತಡೆದವರ ಎಫ್‌ಐಆರ್‌ನಲ್ಲಿ ನಿನ್ನ ಹೆಸರಿತ್ತು, ಆಮೇಲೆ ಪ್ರಕರಣ ಬಿದ್ದುಹೋಯಿತು. ಅದನ್ನು ಹೇಳಬೇಕೇ, ಅಮ್ಮನ ಆರೈಕೆಗೆಂದು ಕೆಲಸ ಬಿಟ್ಟಿದ್ದ ವರ್ಷವನ್ನು ಹೇಗೆ ತೋರಿಸಲಿ, ಹಳೆಯ ಸಂಬಳ ಕೇಳಿದರೆ ಏನು ಮಾಡಲಿ ಎಂಬುದು ನಿನ್ನ ಚಿಂತೆ.

ಸಂಬಳದ ವಿಷಯ ಸುಲಭ. 2020ರ ಜನವರಿಯಿಂದ ನ್ಯೂಜೆರ್ಸಿಯಲ್ಲಿ, ಸಂಬಳದ ವಿವರ ಹೇಳಿ ಕೆಲಸ ಕೊಡಲು ಒಪ್ಪುವ ಮೊದಲು ಅಭ್ಯರ್ಥಿಯ ಹಳೆಯ ಸಂಬಳ ಕೇಳುವಂತಿಲ್ಲ; ಒಪ್ಪಿದ ಮೇಲೆ ಅದನ್ನು ಖಚಿತಪಡಿಸಿಕೊಳ್ಳಲು ನಿನ್ನ ಲಿಖಿತ ಒಪ್ಪಿಗೆ ಕೇಳಬಹುದು. ಅಮ್ಮನನ್ನು ನೋಡಿಕೊಂಡ ವರ್ಷವನ್ನು ಇದ್ದಂತೆಯೇ ಬರೆ. ಹಳೆಯ ಕಂಪನಿಯ ತಾರೀಖು ಎಳೆದು ಅದನ್ನು ಮುಚ್ಚಲು ಹೋಗಬೇಡ, ಅವರು ಮೊದಲು ತಾಳೆ ನೋಡುವುದೇ ತಾರೀಖನ್ನು.

ಸಹಿ ಕೇಳಿದರೆಂದು ಹೆದರಬೇಡ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹುಡುಗನ ಪಕ್ಕದ ಮನೆಯಲ್ಲಿ ವಿಚಾರಿಸುತ್ತಾರಲ್ಲ, ಅದಕ್ಕೆ ಹುಡುಗನ ಒಪ್ಪಿಗೆ ಯಾರಿಗೆ ಬೇಕು? ಇಲ್ಲಿ ಬೇಕು. ಹೊರಗಿನ ಸಂಸ್ಥೆಯಿಂದ ವರದಿ ತರಿಸುವ ಮೊದಲು ಕಂಪನಿ ನಿನಗೆ ಬರವಣಿಗೆಯಲ್ಲಿ ತಿಳಿಸಿ, ನಿನ್ನ ಲಿಖಿತ ಒಪ್ಪಿಗೆ ಪಡೆಯಬೇಕು. ಅಮೆರಿಕದ ಕೇಂದ್ರ ಕಾನೂನಾದ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್‌ನ ಕಟ್ಟಳೆ ಇದು. ಆ ತಿಳಿವಳಿಕೆಯ ಹಾಳೆ ಪ್ರತ್ಯೇಕವಾಗಿರಬೇಕು, ಕೆಲಸದ ಅರ್ಜಿಯ ನಡುವೆ ಎಲ್ಲೋ ತುರುಕುವಂತಿಲ್ಲ.

ಇನ್ನು ಕಾವೇರಿ ಪ್ರಕರಣ. ಮಂಡ್ಯದವನ ಮೇಲೆ ಅಂಥದ್ದೊಂದು ಕೇಸು ಇದ್ದರೆ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ನಾನು ಹೇಳಿಯೇನು, ಆದರೆ ಇಲ್ಲಿನ ಮಾನವ ಸಂಪನ್ಮೂಲ ವಿಭಾಗಕ್ಕೆ ಕನ್ನಂಬಾಡಿಯ ನೀರಿನ ಮಟ್ಟ ಗೊತ್ತಿಲ್ಲ. 15 ಅಥವಾ ಹೆಚ್ಚು ನೌಕರರಿರುವ ಕಂಪನಿ ಮೊದಲ ಸಂದರ್ಶನ ಮುಗಿಯುವವರೆಗೆ ಅಪರಾಧದ ದಾಖಲೆ ಕೇಳಬಾರದೆಂದು ಈ ರಾಜ್ಯದಲ್ಲಿ 2015ರಿಂದ ಕಾನೂನಿದೆ. ನೀನು ಆ ಘಟ್ಟ ದಾಟಿರುವೆ, ಇನ್ನು ಕೇಳಬಹುದು. ಶಿಕ್ಷೆಯಾಗದ ಬಂಧನವನ್ನು ಏಳು ವರ್ಷದ ನಂತರ ವರದಿಯಲ್ಲಿ ಹಾಕಬಾರದು ಎಂಬ ನಿಯಮವೂ ಇದೆ. ಆದರೆ ವರ್ಷಕ್ಕೆ 75,000 ಡಾಲರ್ ಅಥವಾ ಹೆಚ್ಚು ಸಂಬಳದ ಕೆಲಸಕ್ಕೆ ಕೇಂದ್ರ ಕಾನೂನಿನ ಈ ರಕ್ಷಣೆ ಇಲ್ಲ. ಇಂಜಿನಿಯರನಾದ ನೀನು ಅದನ್ನು ನೆಚ್ಚಿ ಕೂರಬೇಡ. ಪ್ರಶ್ನೆಯನ್ನು ಎರಡು ಸಲ ಓದು. ‘ಶಿಕ್ಷೆಯಾಗಿದೆಯೇ’ ಎಂದಿದ್ದರೆ ಇಲ್ಲ ಎನ್ನುವುದು ಸತ್ಯ. ‘ಬಂಧನ’, ‘ಆರೋಪ’ ಎಂದೆಲ್ಲ ಇದ್ದರೆ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆ. ಮುಂದೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಬಿದ್ದುಹೋದ ಪ್ರಕರಣವನ್ನೂ ಕೇಳುತ್ತಾರೆ. ಆಗ ವಕೀಲರಿಲ್ಲದೆ ಒಂದಕ್ಷರವನ್ನೂ ಬರೆಯಬೇಡ.

ನಾನು ಹೇಳಬೇಕೆಂದಿರುವುದು ನೀನು ಕೇಳದೇ ಇರುವ ವಿಷಯ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಒಳ್ಳೆಯ ಕಂಪನಿ ನನಗೆ ಕೆಲಸ ಕೊಡಲು ಒಪ್ಪಿತ್ತು. ವರದಿಯಲ್ಲಿ ಕಳ್ಳತನದ ಪ್ರಕರಣವೊಂದು ಬಂತು, ನಾನು ಕಾಲಿಡದ ರಾಜ್ಯದಿಂದ. ಹೆಸರು ನನ್ನದೇ, ಕೊನೆಯಲ್ಲಿ ಗೌಡ. ಮಂಡ್ಯದ ಸಂತೆಯಲ್ಲಿ ಕೂಗಿದರೆ ಹತ್ತು ಜನ ತಿರುಗಿ ನೋಡುವ ಹೆಸರು. ಹುಟ್ಟಿದ ತಾರೀಖು ಹೊಂದುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ಕಂಪನಿ ಕಾನೂನಿನಂತೆಯೇ ನಡೆದುಕೊಂಡಿತು: ಬೇಡ ಎನ್ನುವ ಮೊದಲು ವರದಿಯ ಪ್ರತಿಯನ್ನೂ ನನ್ನ ಹಕ್ಕುಗಳ ಪಟ್ಟಿಯನ್ನೂ ಕಳುಹಿಸಿತು. ಪಾಸ್‌ಪೋರ್ಟ್ ಪ್ರತಿ ಇಟ್ಟು ಅದೇ ದಿನ ಆಕ್ಷೇಪಣೆ ಬರೆದೆ. ಆಕ್ಷೇಪಣೆಯನ್ನು ಪರಿಶೀಲಿಸಿ ತೀರ್ಮಾನಿಸಲು ವರದಿ ಸಂಸ್ಥೆಗೆ ಸಾಮಾನ್ಯವಾಗಿ 30 ದಿನಗಳ ಅವಕಾಶವಿದೆ. ಆ ಗಡುವಿನೊಳಗೇ ಅವರು ತಪ್ಪನ್ನು ಅಳಿಸಿದರು. ಆದರೆ ಅಲ್ಲಿಯವರೆಗೆ ಹುದ್ದೆಯನ್ನು ಖಾಲಿ ಇಡಬೇಕೆಂದು ಆ ಕಾನೂನು ಹೇಳುವುದಿಲ್ಲ. ಎಷ್ಟು ದಿನ ಕಾಯಬೇಕೆಂದೂ ಹೇಳುವುದಿಲ್ಲ, ಎಷ್ಟೋ ಕಂಪನಿಗಳು ಕಚೇರಿ ತೆರೆದಿರುವ ಐದು ದಿನ ಕಾಯುತ್ತವೆ, ಅಷ್ಟೆ. ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಾಗಿತ್ತು. ಎಲ್ಲರೂ ನಿಯಮದಂತೆ ನಡೆದುಕೊಂಡಿದ್ದರು, ನನಗೆ ಮಾತ್ರ ಕೆಲಸವಿರಲಿಲ್ಲ.

ಆ ಕೆಲಸ ನನಗೆ ಹಿಡಿಸಲಿಲ್ಲ ಎಂದು ಊರಿನಲ್ಲಿದ್ದ ಅಪ್ಪನಿಗೆ ಹೇಳಿದೆ. ಕಳ್ಳತನ ಎಂಬ ಪದವನ್ನು ಫೋನಿನಲ್ಲಿ ಅವರ ಕಿವಿಗೆ ಹಾಕಲು ಬಾಯಿ ಬರಲಿಲ್ಲ. ಅವರು ತೀರಿಕೊಳ್ಳುವವರೆಗೂ ಮಗನಿಗೆ ಯಾವುದೂ ಹಿಡಿಸುವುದಿಲ್ಲ ಎಂದೇ ನಂಬಿದ್ದರು.

ಅದಕ್ಕೇ ಹೇಳುತ್ತಿದ್ದೇನೆ, ಫಾರಂನಲ್ಲಿ ಪೂರ್ತಿ ಹೆಸರು, ಹುಟ್ಟಿದ ತಾರೀಖು ಸ್ಪಷ್ಟವಾಗಿ ಬರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಪದವಿಯಲ್ಲಿ ಅಪ್ಪನ ಹೆಸರು ಎಂದು ಮೂರು ಬಗೆಯಾಗಿದ್ದರೆ, ಮೂವರೂ ಒಬ್ಬನೇ ಎಂಬ ಅಫಿಡವಿಟ್ ಮಾಡಿಸಿಟ್ಟುಕೊ. ವರದಿ ಸಂಸ್ಥೆಯಲ್ಲಿ ನಿನ್ನ ಬಗ್ಗೆ ಇರುವ ಕಡತವನ್ನು ನೀನೇ ಕೇಳಿ ಪಡೆಯಬಹುದು. ವರದಿಯ ಕಾರಣಕ್ಕೆ ಕೆಲಸ ತಪ್ಪಿದರೆ 60 ದಿನದೊಳಗೆ ಕೇಳಿದವರಿಗೆ ಪ್ರತಿ ಉಚಿತ. ಪ್ರಕರಣ ಮುಗಿದದ್ದಕ್ಕೆ ನ್ಯಾಯಾಲಯದ ದೃಢೀಕೃತ ನಕಲು ಬೇಕೇ ಬೇಕು. ಅಲ್ಲಿ ಇವತ್ತು ನಾಳೆ ಎನ್ನುವುದು ನಿನಗೆ ಗೊತ್ತಿದ್ದದ್ದೇ. ನಿಮ್ಮ ತಂದೆಯವರಿಗೆ ಇಂದು ರಾತ್ರಿಯೇ ಫೋನ್ ಮಾಡಿ ನಕಲಿಗೆ ಅರ್ಜಿ ಹಾಕಿಸು.