ಸುರಂಗದ ನೀರು ಮತ್ತು ಕಮ್ಮಟದ ಮೂರು ದಿನ

ಕೇರಳದಲ್ಲಿದ್ದುಕೊಂಡು ಕನ್ನಡ ಕಲಿಸುವುದು ಹೇಗಿರುತ್ತದೆ, ಇಷ್ಟು ವರ್ಷಗಳ ಮೇಲೂ ಅದರಲ್ಲಿ ಹುರುಪು ಉಳಿದಿದೆಯೇ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯನ್ನು ಮೂರು ವರ್ಷಗಳ ಹಿಂದೆ ಕೇಳಿದ್ದರೆ ಇಲ್ಲವೆಂದೇ ಹೇಳುತ್ತಿದ್ದೆ.

ನಮ್ಮದು ಕಾಸರಗೋಡು ಜಿಲ್ಲೆಯ ಉತ್ತರದ ಗುಡ್ಡಗಾಡು. ಹಿಂದೆ ದಕ್ಷಿಣ ಕನ್ನಡದೊಳಗಿದ್ದ ಈ ನೆಲ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಹಾಗಾಗಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಬರೆಯುವುದು ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ. ಕಚೇರಿಯ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ; ತಿಳಿದವರು ಓದಿ ಹೇಳುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ.

ನನ್ನ ಏಳನೆಯ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು. ಮನೆಯಲ್ಲಿ ಕನ್ನಡ ಆಡುವವರು ನಾಲ್ವರು, ಅವರಲ್ಲಿ ಮೂವರದು ಹವ್ಯಕ ಕನ್ನಡ. ಉಳಿದವರದು ತುಳು, ಮಲಯಾಳ, ಬ್ಯಾರಿ, ಮರಾಟಿ, ಕೊಂಕಣಿ. ಅವರಿಗೆ ಕನ್ನಡವೆಂದರೆ ಶಾಲೆಯ ಮಾತು, ಭಜನೆಯ ಮಾತು, ರಾತ್ರಿಯ ಯಕ್ಷಗಾನದ ಮಾತು. ಅಂಗಳದಲ್ಲಿ ಆಡುವ ಮಾತು ಬೇರೆ. ಹೊರಗಿನವರು ಇದನ್ನು ಕೊರತೆ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡು ಹದಿನೆಂಟು ವರ್ಷ ಪಾಠ ಮಾಡಿದೆ.

ನನ್ನನ್ನು ದಣಿಸಿದ್ದು ಪ್ರಬಂಧದ ಪುಸ್ತಕಗಳು. ‘ಜಲ ಸಂರಕ್ಷಣೆ’ ಎಂದು ಕೊಟ್ಟರೆ ಹತ್ತೊಂಬತ್ತರಲ್ಲೂ ಒಂದೇ ಬರಹ: ನೀರು ಅಮೂಲ್ಯ, ನೀರಿಲ್ಲದೆ ಜೀವವಿಲ್ಲ, ಆದುದರಿಂದ ನೀರನ್ನು ಮಿತವಾಗಿ ಬಳಸೋಣ. ಒತ್ತಕ್ಷರ ತಿದ್ದಿ, ಅಂಕ ಹಾಕಿ, ಮುಂದಿನ ಪುಸ್ತಕ ತೆರೆದರೆ ಮತ್ತೆ ಅದೇ. ಆ ವಾಕ್ಯಗಳನ್ನು ಕರಿಹಲಗೆಯಲ್ಲಿ ಬರೆದುಕೊಟ್ಟವಳು ನಾನೇ. ಮಕ್ಕಳು ತಪ್ಪು ಮಾಡಬಾರದೆಂಬ ಕಾಳಜಿಯಿಂದಲೇ ಹಾಗೆ ಮಾಡಿದ್ದೆ.

ಆ ವರ್ಷದ ಬೇಸಗೆ ರಜೆಯಲ್ಲಿ ಸಹೋದ್ಯೋಗಿಯೊಬ್ಬರು, “ಟೀಚರ್, ನೀವೂ ಬನ್ನಿ” ಎಂದು ಒತ್ತಾಯಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಅಧ್ಯಾಪಕರಿಗಾಗಿ ಮೂರು ದಿನಗಳ ಬರವಣಿಗೆಯ ಕಮ್ಮಟ. ಪಾಠ ಮಾಡುವ ವಿಧಾನದ ಬಗ್ಗೆ ಭಾಷಣ ಇರಬಹುದೆಂದು ತಲಪಾಡಿ ದಾಟುವವರೆಗೂ ಅಂದುಕೊಂಡಿದ್ದೆ. ಅಲ್ಲಿ ಹೋದರೆ ಖಾಲಿ ಹಾಳೆ ಕೊಟ್ಟು, ನೀರಿನ ಬಗ್ಗೆ ಇಪ್ಪತ್ತು ನಿಮಿಷ ಬರೆಯಿರಿ ಎಂದರು. ನಾನು ಬರೆದದ್ದು ಏನು ಗೊತ್ತೇ? ನೀರು ಅಮೂಲ್ಯ, ನೀರಿಲ್ಲದೆ ಜೀವವಿಲ್ಲ.

ಕಮ್ಮಟ ನಡೆಸುತ್ತಿದ್ದ ನಿವೃತ್ತ ಅಧ್ಯಾಪಕಿ ನಾನು ಓದಿದ್ದನ್ನು ಪೂರ್ತಿ ಕೇಳಿದರು. ಬಳಿಕ, “ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?” ಎಂದು ಕೇಳಿದರು.

“ಸುರಂಗದಿಂದ.”

“ಸುರಂಗ ಎಂದರೆ ರೈಲು ಹೋಗುತ್ತದಲ್ಲ, ಅದೇ?” ಎಂದರು ರಾಯಚೂರಿನಿಂದ ಬಂದಿದ್ದ ಮೇಷ್ಟ್ರು.

ಹಾಗೆ ಹೇಳತೊಡಗಿದವಳು ಕಾಲು ಗಂಟೆ ನಿಲ್ಲಿಸಲಿಲ್ಲ. ನಮ್ಮ ಗುಡ್ಡಗಳು ಮುರಕಲ್ಲಿನವು, ಅಂದರೆ ಕೆಂಪು ಜಂಬಿಟ್ಟಿಗೆಯವು. ಬಾವಿಯಂತೆ ಕೆಳಕ್ಕೆ ಅಗೆಯುವುದಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆಯುವುದು. ಒಬ್ಬ ಬಗ್ಗಿ ಹೋಗುವಷ್ಟೇ ಜಾಗ. ಒಳಗಿದ್ದವನು ಪಿಕ್ಕಾಸಿನಿಂದ ಕಡಿದಂತೆ ಇನ್ನೊಬ್ಬ ಮಣ್ಣು ಹೊರಗೆ ಸಾಗಿಸುತ್ತಾನೆ. ಜೊತೆಯಲ್ಲಿ ದೀಪ ಬೇಕೇ ಬೇಕು. ಅದು ಮಂಕಾದರೆ ಉಸಿರಾಡುವ ಗಾಳಿ ಸಾಲದೆಂದು ಅರ್ಥ, ಕೂಡಲೇ ಹೊರಬರಬೇಕು. ಎಲ್ಲೋ ಒಂದು ಕಡೆ ಗೋಡೆ ಒದ್ದೆಯಾಗುತ್ತದೆ, ಒಸರು ಕಾಣುತ್ತದೆ. ಆ ನೀರು ಪಂಪು, ವಿದ್ಯುತ್ತು ಯಾವುದೂ ಇಲ್ಲದೆ ತಾನಾಗಿ ಹರಿದು, ಸೀಳಿ ಟೊಳ್ಳು ಮಾಡಿದ ಅಡಿಕೆ ಮರದ ದಂಬೆಯಲ್ಲಿ ಇಳಿದು ತೋಟದ ಕೆರೆ ಸೇರುತ್ತದೆ.

ಹೇಳಿ ಮುಗಿಸಿದಾಗ ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಇದನ್ನು ಬರೆಯಿರಿ, ಈಗ ಹೇಳಿದ ಹಾಗೆಯೇ” ಎಂದರು ಆ ನಿವೃತ್ತ ಅಧ್ಯಾಪಕಿ.

ಬರೆಯುವುದು ಹೇಳಿದಷ್ಟು ಸುಲಭವಾಗಲಿಲ್ಲ. ದಂಬೆ, ಮುರಕಲ್ಲು, ಒಸರು ಇವುಗಳನ್ನು ಹಾಗೆಯೇ ಇಡಬೇಕೋ, ನಿಘಂಟಿನ ಶಬ್ದ ಹುಡುಕಬೇಕೋ? ಶಬ್ದ ಇರಲಿ, ಅದರ ಕೆಲಸವನ್ನು ವಾಕ್ಯದಲ್ಲಿ ತೋರಿಸಿದರೆ ಓದುವವರಿಗೆ ಅರ್ಥ ತಾನಾಗಿ ತಿಳಿಯುತ್ತದೆ ಎಂದರು. ಐದು ಸಲ ತಿದ್ದಿ ಬರೆದೆ. ಅಲ್ಲಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ತೀರ್ಪು ಇರಲಿಲ್ಲ. ಯಾವ ಸಾಲು ನೆನಪಿನಲ್ಲಿ ಉಳಿಯಿತು, ಎಲ್ಲಿ ದಾರಿ ತಪ್ಪಿತು, ಇಷ್ಟನ್ನೇ ಕೇಳಿದವರು ಹೇಳಬೇಕು. ನಮ್ಮ ಪಕ್ಕದ ಪೆರಡಾಲದಲ್ಲಿ ಮೇಷ್ಟ್ರಾಗಿದ್ದುಕೊಂಡೇ ಬರೆದ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಕಲಿಸುವವರು ಬರೆಯಲೂಬೇಕು ಎಂಬುದು ನನ್ನ ಕೈಗೆ ಇಳಿದದ್ದು ಆ ಮೂರು ದಿನಗಳಲ್ಲಿ.

ಜೂನ್‌ನಲ್ಲಿ ಶಾಲೆ ತೆರೆದಾಗ ಕರಿಹಲಗೆಯಲ್ಲಿ ಪ್ರಬಂಧ ಬರೆಯುವುದನ್ನು ಬಿಟ್ಟೆ. ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ನನ್ನನ್ನು ಕೇಳಿದ್ದನ್ನೇ ಮಕ್ಕಳನ್ನು ಕೇಳಿದೆ. ಕನ್ನಡ ಪದ ಸಿಗದಿದ್ದರೆ ಮನೆಯ ಪದವನ್ನೇ ಬರೆಯಿರಿ ಎಂದೆ. ನಾನೂ ಅವರ ಜೊತೆ ಕುಳಿತು ಬರೆದೆ. ಮೊದಲ ಎರಡು ವಾರ ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಒಂದು ಶುಕ್ರವಾರ, ಮನೆಯಲ್ಲಿ ಮರಾಟಿ ಆಡುವ, ತರಗತಿಯಲ್ಲಿ ಹೆಚ್ಚು ಬಾಯಿ ಬಿಡದ ಹುಡುಗನೊಬ್ಬ ಹೀಗೆ ಬರೆದಿದ್ದ:

“ಅಜ್ಜ ಸುರಂಗದ ಒಳಗೆ ಹೋಗುವಾಗ ಮೇಣದಬತ್ತಿ ಹಚ್ಚುತ್ತಾರೆ. ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ. ಹೊರಗಿನಿಂದ ಕರೆದರೆ ಗೊತ್ತಾಗುವುದಿಲ್ಲ. ನಾನು ಬಾಗಿಲಲ್ಲಿ ಕೂತು ಬೆಳಕನ್ನೇ ನೋಡುತ್ತೇನೆ.”

ಎರಡು ಒತ್ತಕ್ಷರ ತಪ್ಪಿದ್ದವು. ಅಂದು ಅವನ್ನು ತಿದ್ದಲಿಲ್ಲ. ಅವನಿಂದಲೇ ಗಟ್ಟಿಯಾಗಿ ಓದಿಸಿದೆ. ಒಸರಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಹುಡುಗಿಯೊಬ್ಬಳು ಕೇಳಿದಳು. ಆರು ಭಾಷೆಗಳು ಒಟ್ಟಿಗೆ ಮಾತನಾಡತೊಡಗಿದವು. ಗಂಟೆ ಬಾರಿಸಿದ ಮೇಲೂ ಯಾರೂ ಏಳಲಿಲ್ಲ. ಹದಿನೆಂಟು ವರ್ಷ ಕೊರತೆ ಎಂದುಕೊಂಡದ್ದು ಆ ಹೊತ್ತು ನನ್ನ ಕಣ್ಣೆದುರು ಬೇರೆಯೇ ಆಗಿ ನಿಂತಿತ್ತು.

ಈಗ ನಾವು ಆರು ಮಂದಿ ಅಧ್ಯಾಪಕರು ತಿಂಗಳಿಗೊಮ್ಮೆ ಭಾನುವಾರ ಯಾರದಾದರೂ ಮನೆಯ ಜಗಲಿಯಲ್ಲಿ ಕೂಡುತ್ತೇವೆ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ನಾವು ಬರೆದದ್ದನ್ನು ಓದಿಕೊಳ್ಳುತ್ತೇವೆ. ಈ ಸಲ ನನ್ನ ಸರದಿ. ಕಟ್ಟದ ಬಗ್ಗೆ ಬರೆಯುತ್ತಿದ್ದೇನೆ. ಮಳೆ ನಿಂತ ಮೇಲೆ ಊರವರು ಸೇರಿ ಕಲ್ಲು ಮಣ್ಣಿನಿಂದ ಹೊಳೆಗೆ ಅಡ್ಡಲಾಗಿ ಹಾಕುವ ಒಡ್ಡು ಅದು. ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ಬರಹ ಎರಡನೆಯ ಪುಟದಲ್ಲಿ ನಿಂತಿದೆ.

ನೀವು ಈ ಕಡೆ ಬರುವುದಾದರೆ ಏಪ್ರಿಲ್‌ನಲ್ಲಿ ಬನ್ನಿ. ಬಾವಿಯ ಹಗ್ಗ ಉದ್ದವಾಗುವ ಕಾಲ. ನಮ್ಮ ಸುರಂಗದಲ್ಲಿ ಆಗಲೂ ನೂಲಿನಷ್ಟು ಸಣ್ಣಗೆ ನೀರು ಬರುತ್ತಿರುತ್ತದೆ. ದೀಪ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತೇನೆ.