ಕೆಸರುಗದ್ದೆ ದಿನಕ್ಕೆ ಮೊದಲು ನೇಜಿ (ಭತ್ತದ ಸಸಿ) ಹಾಕಿ, ಮೈಕ್ ಆಮೇಲೆ ನೋಡೋಣ

ಮನೆಯವರು, ನೆಂಟರು ಸೇರಿ ಕೆಸರುಗದ್ದೆಯಲ್ಲಿ ಆಟ ಆಡುವ ದಿನಕ್ಕೆ ಏನೇನು ತಯಾರಿ ಬೇಕು ಅಂತ ಬೆಳ್ತಂಗಡಿ ಕಡೆಯಿಂದ ಕೇಳಿದವರಿಗೆ ಉತ್ತರ. ತುಳುವರ ಆಟಿ ತಿಂಗಳ ಒಂದು ಭಾನುವಾರ, 50 ಸೆಂಟ್ಸ್ (ಅರ್ಧ ಎಕರೆ) ಹಡಿಲು (ಬೇಸಾಯ ಮಾಡದೆ ಬಿಟ್ಟ) ಗದ್ದೆ, ಮಕ್ಕಳೂ ಸೇರಿ 60 ಜನ, ಅದರಲ್ಲಿ ಬೆಂಗಳೂರಿನ ನೆಂಟರೇ ಜಾಸ್ತಿ ಅಂದಿರಿ. ಟೀ ಶರ್ಟು, ಕಪ್ಪು, ಮೈಕಿನ ಬಗ್ಗೆ ಆಗಲೇ ಇಪ್ಪತ್ತು ಸಲಹೆ ಬಂದಿವೆ. ನಾನು ಮುಖ್ಯವಾಗಿ ಗದ್ದೆಯ ಬಗ್ಗೆ ಹೇಳುತ್ತೇನೆ.

ನಾವು ಮೊದಲ ವರ್ಷ ಮಾಡಿದ್ದು ರಸ್ತೆ ಬದಿಯ ಹಡಿಲು ಗದ್ದೆಯಲ್ಲಿ. ಹಿಂದಿನ ದಿನ ಒಂದು ಸಾಲು ಟಿಲ್ಲರ್ ಹೊಡೆಸಿ ಸಾಕು ಅಂದುಕೊಂಡೆವು. ಎರಡನೇ ಓಟದಲ್ಲೇ ಅಣ್ಣನ ಮಗನ ಕಾಲಿಗೆ ಬಾಟಲಿ ಚೂರು. ನಾಲ್ಕು ಹೊಲಿಗೆ. ಅತ್ತಿಗೆ ಅದನ್ನು ಇವತ್ತಿಗೂ ಮರೆತಿಲ್ಲ! ಹಾಗಾಗಿ ಒಣಗಿದ್ದಾಗಲೇ ಗದ್ದೆಯಲ್ಲಿ ಸಾಲಾಗಿ ನಡೆದು ಗಾಜು, ತಂತಿ, ಮುಳ್ಳು ಹೆಕ್ಕಿ. ಆಮೇಲೆ ನೀರು ಕಟ್ಟಿ ಒಂದು ಉಳುಮೆ. ಎಂಟು ಹತ್ತು ದಿನ ಬಿಟ್ಟು ಹುಲ್ಲು ಕೊಳೆತ ಮೇಲೆ ಇನ್ನೊಂದು. ಕೊನೆಗೆ ಹಲಗೆ ಹೊಡೆದು ಕೆಸರು ಸಮ ಮಾಡಿ. ಪಾದದ ಗಂಟು ಮುಳುಗುವಷ್ಟು ನೀರು ಸಾಕು, ಕೆಸರು ಮೊಣಕಾಲಿಗೆ ಬರಬಾರದು. ಆಳ ಜಾಸ್ತಿಯಾದರೆ ಕಾಲು ಹೂತು ಮಂಡಿ ತಿರುಚುತ್ತದೆ. ಗೊಬ್ಬರಕ್ಕೆ ಸೊಪ್ಪು, ಹಸಿ ಸೆಗಣಿ ಏನಿದ್ದರೂ ಆಟ ಮುಗಿದ ಮೇಲೆ. ಸೊಪ್ಪಿನ ಕಡ್ಡಿ ಬರಿಗಾಲಿಗೆ ಮೊಳೆ ಇದ್ದ ಹಾಗೆ.

ಈಗ ನನ್ನ ಮುಖ್ಯ ಮಾತು. ಆಡಿ, ಫೋಟೋ ತೆಗೆದು, ಗದ್ದೆಯನ್ನು ಮತ್ತೆ ಹಡಿಲು ಬಿಡಬೇಡಿ. ಅಷ್ಟು ಡೀಸೆಲ್ ಸುಟ್ಟು ಹದ ಮಾಡಿದ ಗದ್ದೆ, ಏಣೆಲು (ಮಳೆಗಾಲದ ಭತ್ತದ) ಬೆಳೆ ತೆಗೆಯಬಹುದಲ್ವಾ? ಆ ಭಾನುವಾರದಿಂದ 22-25 ದಿನ ಹಿಂದಕ್ಕೆ ಎಣಿಸಿ ನೇಜಿ ಹಾಕಿ. ನಮ್ಮಲ್ಲಿ ಎಂಒ 4 ಭತ್ತದ ತಳಿ ಹಾಕುತ್ತೇವೆ. ಆಟಿ ಶುರುವಾಗುವುದೇ ಜುಲೈ ಮಧ್ಯಕ್ಕೆ, ಹಾಗಾಗಿ ಮೊದಲ ಭಾನುವಾರವೇ ಒಳ್ಳೆಯದು. ತಡವಾಗಿ ನೇಜಿ ಬಲಿತರೆ ತೆಂಡೆ (ಬುಡದಿಂದ ಬರುವ ಕವಲು) ಕಡಿಮೆ ಒಡೆಯುತ್ತದೆ. 40 ಸೆಂಟ್ಸ್ ಆಟಕ್ಕೆ ಬಿಡಿ. ಉಳಿದ 10 ಸೆಂಟ್ಸಿಗೆ ಹಿಂದಿನ ದಿನವೇ ಹಲಗೆ ಹೊಡೆದು ಕೆಸರು ಕೂರಲು ಬಿಡಿ, ಅದು ಮಕ್ಕಳ ನಾಟಿಗೆ. ಒಂದು ಬುಡಕ್ಕೆ ಎರಡು ಮೂರು ನೇಜಿ, ಆಳ ಬೇಡ. ಸಾಲು ಸೊಟ್ಟಗಾಗುತ್ತದೆ, ಆಗಲಿ. ನಮ್ಮ ಹುಡುಗರು ಸೊಟ್ಟ ಸಾಲಿನ ಪೈರು ನೋಡಲೆಂದೇ ದೀಪಾವಳಿಗೆ ಬಂದಿದ್ದರು. ಆಟದ ಜಾಗಕ್ಕೆ ಮರುದಿನ ಮತ್ತೊಮ್ಮೆ ಹಲಗೆ ಹೊಡೆದು, ಒಂದೆರಡು ದಿನ ಬಿಟ್ಟು ನೆಡಿ.

ಆಟಗಳು ನಿಮಗೇ ಗೊತ್ತು. ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುವುದು ಚಿಕ್ಕವರಿಗೆ ಬೇರೆಲ್ಲಕ್ಕಿಂತ ಇಷ್ಟ. ಹಗ್ಗಜಗ್ಗಾಟ ಕೊನೆಗಿರಲಿ, ಅದು ಗದ್ದೆಯನ್ನು ಗುಂಡಿ ಮಾಡುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲು ಯಾರಿಗೂ ಬಿಡಬೇಡಿ.

ಯಾರೂ ಬರೆಯದ ವಿಷಯ ಇಲಿಜ್ವರ. ಇಲಿ ಮತ್ತು ಜಾನುವಾರುಗಳ ಮೂತ್ರ ಸೇರಿದ ನೀರಿನಿಂದ, ಚರ್ಮದ ಗಾಯದ ಮೂಲಕ ಬರುತ್ತದೆ. ಕಾಲಿನಲ್ಲಿ ಗಾಯ, ಬಿರುಕು ಇದ್ದವರು ಹುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ಕೂತು ಚಪ್ಪಾಳೆ ತಟ್ಟಲಿ. ಆಟ ಮುಗಿದ ಕೂಡಲೇ ಸಾಬೂನು ಹಚ್ಚಿ ಶುದ್ಧ ನೀರಿನಲ್ಲಿ ಸ್ನಾನ, ತೋಡಿನ (ಸಣ್ಣ ಹಳ್ಳದ) ನೀರಿನಲ್ಲಿ ಅಲ್ಲ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಕೆಸರಿಗೆ ಇಳಿದಿದ್ದೆವು ಅಂತ ಡಾಕ್ಟರಿಗೆ ಹೇಳಬೇಕು. ಬೆಂಗಳೂರಿಗೆ ವಾಪಸ್ ಹೋದವರು ಅದನ್ನೇ ಹೇಳುವುದಿಲ್ಲ. ಹೆಂಗಸರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಬೇಕು, ಟಾರ್ಪಾಲಿನ ಮರೆ ಸಾಲದು.

ಊಟಕ್ಕೆ ಪತ್ರೊಡೆ, ಹುರುಳಿ ಚಟ್ನಿ, ಗಂಜಿ ಸಾಕು. ಪತ್ರೊಡೆಯ ಕೆಸುವಿನ ಎಲೆಗೆ ಹುಳಿ ಜಿಪುಣತನ ಮಾಡಿದರೆ 60 ಗಂಟಲು ತುರಿಸುತ್ತದೆ, ಅಷ್ಟೇ. ಆಟಿ ಕಷಾಯದ ಆಸೆ ಬೇಡ. ಅದು ಆಟಿ ಅಮಾವಾಸ್ಯೆಯಂದು ಪಾಲೆ ಮರದ ಕೆತ್ತೆಯಿಂದ (ತೊಗಟೆಯಿಂದ) ಮಾಡುವುದು. ನಸುಕಿನ ಕತ್ತಲಲ್ಲಿ ಮರ ಗುರುತಿಸಲಾಗದೆ ಕಾಸರಕ ಮರದ ತೊಗಟೆ ತಂದರೆ ಅದು ವಿಷ. ಮರ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಮಾತು ಬೇರೆ.

ಜಡಿಮಳೆ ಹಿಡಿದರೆ ಚಾವಡಿಯಲ್ಲಿ ಚೆನ್ನೆಮಣೆ ಇಟ್ಟಿರಿ. 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ (ಕೆಂಪು ಬೀಜ). ಎಣಿಸಿಯೇ ಕೊಡಿ. ನಮ್ಮಲ್ಲಿ ಮೂರು ಕಾಯಿ ಮಕ್ಕಳ ಜೇಬಿನಲ್ಲಿ ಬೆಂಗಳೂರು ಸೇರಿವೆ.

ಒಂದು ವಿಷಯ ನೀವು ಬರೆದಿಲ್ಲ. ಗದ್ದೆಗೆ ನೀರು ಮೇಲಿನ ಗದ್ದೆಯಿಂದ ಇಳಿಯುತ್ತದಾ, ತೋಡಿನಿಂದಲಾ? ಮೇಲಿನವರದ್ದಾದರೆ ಅವರು ಯಾವಾಗ ಗೊಬ್ಬರ, ಔಷಧಿ ಹಾಕುತ್ತಾರೆ ಅಂತ ಕೇಳಿಕೊಂಡೇ ದಿನ ಗೊತ್ತು ಮಾಡಿ.