ಸಂಸತ್ತಿನ ಮಸೂದೆಗಳ ಸುದ್ದಿಯನ್ನು ನಮ್ಮ ಚರ್ಚ್‌ನವರಿಗೆ ತಿಂಗಳಿಗೊಂದು ಪತ್ರದಲ್ಲಿ ತಿಳಿಸಬೇಕೆಂದಿದ್ದೇನೆ. ಹೇಗೆ ಶುರು ಮಾಡಲಿ?

ನಾನೂ ಹೀಗೇ ಶುರು ಮಾಡಿದ್ದೆ. ಮಲೆನಾಡಿನ ಒಂದು ಸಣ್ಣ ಸಭೆಗೆ ಆಗ ಕಾರ್ಯದರ್ಶಿ ಆಗಿದ್ದೆ. ಅಕ್ಕಪಕ್ಕದ ನಾಲ್ಕೈದು ಸಭೆಗಳಿಗೂ ವಾಟ್ಸಾಪ್‌ನಲ್ಲಿ ಸುದ್ದಿ ಕಳುಹಿಸುತ್ತಿದ್ದೆ.

2021ರ ಡಿಸೆಂಬರ್ 23. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ನಿಷೇಧ ಮಸೂದೆ ಧ್ವನಿಮತದಿಂದ ಪಾಸಾಯಿತು. ಟಿವಿಯಲ್ಲಿ ನೋಡಿದವನೇ ಎಲ್ಲರಿಗೂ ಬರೆದೆ: "ಮತಾಂತರ ನಿಷೇಧ ಕಾಯ್ದೆ ಬಂದಿದೆ. ಎಲ್ಲರೂ ಹುಷಾರಾಗಿರಿ."

ನನ್ನ ತಪ್ಪು ಇಷ್ಟೇ, ಆದರೆ ಬಿಡಿಸಿ ಹೇಳಬೇಕು. ಅವತ್ತು ಕಾಯ್ದೆ ಬಂದಿರಲಿಲ್ಲ. ಪಾಸಾಗಿದ್ದು ವಿಧಾನಸಭೆಯಲ್ಲಿ ಮಾತ್ರ. ವಿಧಾನ ಪರಿಷತ್ತಿನಲ್ಲಿ ಆ ಅಧಿವೇಶನದಲ್ಲಿ ಮಂಡನೆಯೇ ಆಗಲಿಲ್ಲ. ಪರಿಷತ್ತು ಒಪ್ಪಬೇಕು, ರಾಜ್ಯಪಾಲರ ಅಂಕಿತ ಬೀಳಬೇಕು, ರಾಜ್ಯಪತ್ರದಲ್ಲಿ ಬರಬೇಕು. ನಾನು ಮೊದಲ ಮೆಟ್ಟಿಲನ್ನೇ ಅಟ್ಟ ಅಂತ ಹೇಳಿಬಿಟ್ಟೆ. "ಹುಷಾರು" ಅಂದೆನೇ ಹೊರತು ಯಾವುದಕ್ಕೆ ಅಂತ ಬರೆಯಲಿಲ್ಲ. ಬಲವಂತ, ಆಮಿಷ, ಮೋಸ, ಮದುವೆಯ ಭರವಸೆ ಇಂಥವುಗಳಿಂದ ಮಾಡುವ ಮತಾಂತರದ ಬಗ್ಗೆ ಆ ಮಸೂದೆ ಇದ್ದದ್ದು. ನಮ್ಮ ಮನೆಯಲ್ಲಿ ನಾವು ಪ್ರಾರ್ಥನೆ ಮಾಡಬಾರದು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ.

ಮರುದಿನ ರಾತ್ರಿ ಕ್ಯಾರಲ್ಸ್‌ಗೆ ಹೋದೆವು. ಎಸ್ಟೇಟ್ ಲೈನ್‌ನಲ್ಲಿ ಒಬ್ಬರು ಅಜ್ಜಿ ಪ್ರತಿ ವರ್ಷ ಬಾಗಿಲಿಗೆ ಕೆಂಪು ಕಾಗದದ ಸ್ಟಾರ್ ಕಟ್ಟುತ್ತಿದ್ದರು. ಅವತ್ತು ಬರೀ ವೈರ್ ನೇತಾಡುತ್ತಿತ್ತು. ಬಾಗಿಲು ಅರ್ಧ ತೆಗೆದು, "ಹಾಡೋದು ಬೇಡ ಕಣಪ್ಪ, ಪೊಲೀಸ್ ಬರ್ತಾರಂತೆ. ನಿನ್ ಮೆಸೇಜೇ ಓದಿ ಹೇಳಿದ್ರು" ಅಂದರು. ಗಿಟಾರ್ ಹಿಡಿದಿದ್ದ ಹುಡುಗ ನನ್ನ ಮುಖ ನೋಡಿದ. ಅವರ ಮನೆಯ ಬುಧವಾರದ ಪ್ರಾರ್ಥನೆ ಎರಡು ತಿಂಗಳು ನಿಂತುಹೋಯಿತು.

ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು. ಪರಿಷತ್ತಿಗೆ ಕಾಯದೆ ಸರ್ಕಾರ ಅದನ್ನೇ ಸುಗ್ರೀವಾಜ್ಞೆಯಾಗಿ, ಅಂದರೆ ಸದನ ನಡೆಯದಿರುವಾಗ ತರುವ ತಾತ್ಕಾಲಿಕ ಕಾನೂನಾಗಿ, ತಂದಿತು; 2022ರ ಮೇ 17ಕ್ಕೆ ಅದಕ್ಕೆ ರಾಜ್ಯಪಾಲರ ಅಂಕಿತ ಬಿತ್ತು. ಅದು ನಿಜವಾದ ಜಾರಿ. ಬರೆದೆ. ಯಾರೂ ಓದಲಿಲ್ಲ. "ಡಿಸೆಂಬರ್‌ನಲ್ಲೇ ಹೇಳಿದ್ರಲ್ಲ, ಏನೂ ಆಗ್ಲಿಲ್ಲ" ಅಂದರು. ಮತಾಂತರವಾಗುವವರೂ ಮಾಡಿಸುವವರೂ 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂತ ಅದರಲ್ಲಿತ್ತು. ಪಕ್ಕದ ಸಭೆಯವರು ಜೂನ್‌ನಲ್ಲಿ ಒಬ್ಬರ ದೀಕ್ಷಾಸ್ನಾನ ಇಟ್ಟುಕೊಂಡಿದ್ದರು. ಕೊನೆಯ ವಾರ ಗೊತ್ತಾಗಿ ಮುಂದೂಡಿದರು.

ಹಾಗಾಗಿ ತಿಂಗಳ ಪತ್ರ ಬೇಡ ಅಂತೀನಿ. ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿ ಲೋಕಸಭೆಯಲ್ಲಿ ಮಂಡನೆಯಾದದ್ದು 2020ರ ಸೆಪ್ಟೆಂಬರ್ 20, ಭಾನುವಾರ. 29ಕ್ಕೆ ಜಾರಿ. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತದ ಖರ್ಚು ಶೇ. 50ರಿಂದ 20ಕ್ಕೆ ಇಳಿಯಿತು, ಹಣಕ್ಕೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ಬೇಕು. ಇಷ್ಟೆಲ್ಲ ಒಂಬತ್ತು ದಿನದಲ್ಲಿ. ನಿಮ್ಮ ಪತ್ರ ಬರುವಷ್ಟರಲ್ಲಿ ಮುಗಿದಿರುತ್ತದೆ, ಅಲ್ವಾ? ಸಂಸತ್ತು ಮಾತ್ರ ನೋಡಿದರೂ ಸಾಲದು. ನಮ್ಮನ್ನು ಜಾಸ್ತಿ ತಟ್ಟಿದ ಮಸೂದೆ ವಿಧಾನಸಭೆಯದು.

ಮಸೂದೆ ಒಂದು ಹಂತದಿಂದ ಇನ್ನೊಂದಕ್ಕೆ ದಾಟಿದ ದಿನ ಬರೆಯಿರಿ, ಅರ್ಧ ಪುಟ ಸಾಕು. ಮೊದಲ ಸಾಲಿನಲ್ಲೇ ಯಾವ ಹಂತ ಅಂತ ಇರಲಿ. ಟಿವಿ ಬಿಡಿ. ಸಂಸತ್ತಿನ ವೆಬ್‌ಸೈಟ್‌ನಲ್ಲಿ ಮಸೂದೆಯ ಪಠ್ಯವೂ ಅದು ಎಲ್ಲಿದೆ ಅನ್ನುವುದೂ ಸಿಗುತ್ತದೆ. ಮಸೂದೆಗಳನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಸಾರಾಂಶಗಳೂ ಚೆನ್ನಾಗಿವೆ.

2023ರ ಜೂನ್ 15ರಂದು ರಾಜ್ಯದ ಹೊಸ ಸರ್ಕಾರದ ಸಂಪುಟ ಮತಾಂತರ ನಿಷೇಧ ಕಾಯ್ದೆ ವಾಪಸ್ ಪಡೆಯಲು ತೀರ್ಮಾನಿಸಿದಾಗ ಸಂಜೆಯಿಡೀ ಫೋನ್. "ಕಾಯ್ದೆ ಹೋಯ್ತಾ?" ನಾನು ಬರೆದದ್ದು ಇಷ್ಟು: "ಇದು ಸಂಪುಟದ ತೀರ್ಮಾನ ಮಾತ್ರ. ಸದನದಲ್ಲಿ ರದ್ದಾಗಿಲ್ಲ. ಇವತ್ತಿಗೆ ನೀವು ಬದಲಾಯಿಸಬೇಕಾದ್ದು ಏನೂ ಇಲ್ಲ."

ಕಳುಹಿಸುವ ಮುಂಚೆ ಆ ಅಜ್ಜಿಗೆ ಫೋನ್‌ನಲ್ಲಿ ಓದಿ ಹೇಳಿದೆ. "ಹಂಗಾದ್ರೆ ಬುಧವಾರದ ಪ್ರಾರ್ಥನೆ ಇದೆ ತಾನೇ?" ಅಂದರು. ಇದೆ ಅಂತ ಇನ್ನೊಂದು ಸಾಲು ಸೇರಿಸಿ ಕಳುಹಿಸಿದೆ.